ಬಾಗಿಲಣ್ಣನ ಬೆನ್ನು

ಬಸ್ಸಿನ ಹಿಂದಿನ ಬಾಗಿಲು ನನ್ನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ಹಾಲು ಕಾಯಿಸುವಾಗ, ಮಗಳ ಕೂದಲು ಬಾಚುವಾಗ, ಆಫೀಸಿನಲ್ಲಿ ಯಾರೋ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ ಅದು ಕಣ್ಣ ಮುಂದೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಎರಡು ಮಡಿಕೆಯ ತಗಡಿನ ಬಾಗಿಲು ಅದು. ಕೊಕ್ಕೆ ಮುರಿದು ಎಷ್ಟೋ ಕಾಲವಾಗಿತ್ತು. ನೇರ ರಸ್ತೆಯಲ್ಲಿ ಸಾಧುವಿನ ಹಾಗೆ ಮುಚ್ಚಿಕೊಂಡಿರುತ್ತಿತ್ತು. ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ಹೊರಳಿದೊಡನೆ ಕಿರ್ರೆಂದು ಮಡಿಚಿಕೊಂಡು, ಕೆಳಗೆ ಓಡುವ ರಸ್ತೆಯನ್ನು ತೋರಿಸುತ್ತಿತ್ತು.

ತಾಯಿ ಮಗುವಿಗೆಂದು ಮೀಸಲಿಟ್ಟ ಸೀಟು ಸರಿಯಾಗಿ ಆ ಬಾಗಿಲ ಪಕ್ಕದಲ್ಲೇ ಇತ್ತು. ಮಗುವನ್ನೆತ್ತಿಕೊಂಡು ಹತ್ತಿ ಇಳಿಯಲು ಅನುಕೂಲವಾಗಲೆಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಸೀಟಿನ ಮೇಲ್ಗಡೆ ಮಗುವನ್ನೆತ್ತಿಕೊಂಡ ತಾಯಿಯ ಚಿತ್ರವೂ ಇತ್ತು; ಬಣ್ಣ ಉದುರಿ ತಾಯಿಗೆ ತಲೆ ಇರಲಿಲ್ಲ. "ನಿನ್ನದೇ ಚಿತ್ರ ಬರೆಸಿದ್ದಾರೆ ನೋಡು," ಎಂದಿದ್ದರು ನನ್ನ ಗಂಡ, ಒಮ್ಮೆ ಜೊತೆಗೆ ಬಂದಾಗ.

"ಅಷ್ಟು ಭಯ ಇದ್ರೆ ಮುಂದೆ ಹೋಗಿ ಕೂತ್ಕೋ," ಎಂದು ಅವರೇ ಸೇರಿಸಿದ್ದರು.

"ಮುಂದೆ ಇಂಜಿನ್ ಕಾವು. ಮಗು ಬೆಂದುಹೋಗುತ್ತೆ ರೀ."

"ಮಧ್ಯೆ?"

"ಮಧ್ಯೆ ಯಾರು ಎದ್ದು ಜಾಗ ಕೊಡ್ತಾರೆ?"

"ಹಾಗಾದ್ರೆ ಸುಮ್ನಿರು. ಬಾಗಿಲಣ್ಣ ಇದ್ದಾನಲ್ಲ."

ಬಾಗಿಲಣ್ಣ ಎಂದರೆ ಆ ಬಸ್ಸಿನ ಕಂಡಕ್ಟರು. ಐವತ್ತು ದಾಟಿದ ತೆಳ್ಳನೆಯ ಉದ್ದನೆಯ ಆಳು. ಬಸ್ಸು ಹೊರಟಿತೆಂದರೆ ಹಿಂದಿನ ಮೆಟ್ಟಿಲಿಗೆ ಬಂದು, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಡೆಯ ಕಂಬಿ ಹಿಡಿದು ನಿಂತುಬಿಡುತ್ತಿದ್ದ. ತಿರುವಿನಲ್ಲಿ ಬಾಗಿಲು ನೂಕುತ್ತಿತ್ತು, ಅವನು ಹಿಂದಕ್ಕೆ ನೂಕುತ್ತಿದ್ದ. ಎಷ್ಟೋ ದಿನದ ಸಂಸಾರದ ಹಾಗೆ, ಇಬ್ಬರೂ ಸೋಲುತ್ತಿರಲಿಲ್ಲ. ಅಂಗಿಯ ಬೆನ್ನು ತಗಡಿಗೆ ಉಜ್ಜಿ ಉಜ್ಜಿ ಸವೆದು, ಅಲ್ಲಿ ಅಂಗಿಯದೇ ಬಣ್ಣದ ದಪ್ಪ ತೇಪೆಯೊಂದು ಕೂತಿತ್ತು.

"ಹಗ್ಗ ಕಟ್ಟಿಬಿಡಿ ಅಣ್ಣ," ಎಂದು ನಾನೇ ಒಂದು ಸಲ ಹೇಳಿದ್ದೆ.

"ಕಟ್ಟಬಹುದು ತಾಯಿ. ಬೆಂಕಿ ಗಿಂಕಿ ಅಂತ ಏನಾದ್ರೂ ಆದ್ರೆ ಬಿಚ್ಚೋರು ಯಾರು? ನಾನಾದ್ರೆ ಪಕ್ಕಕ್ಕೆ ಸರ್ಕೋತೀನಿ, ಹಗ್ಗ ಸರ್ಕೊಳ್ಳುತ್ತಾ?"

ಅಂದಿನಿಂದ ನನಗೆ ಬಾಗಿಲಿನ ಜೊತೆ ಬೆಂಕಿಯ ಚಿಂತೆಯೂ ಸೇರಿಕೊಂಡಿತು.

ಮೆಟ್ಟಿಲು ಬಿಟ್ಟು ಅಲುಗದವನು ಮುಂದಿನವರಿಗೆ ಟಿಕೆಟ್ ಕೊಡುವುದು ಹೇಗೆ? ಅದಕ್ಕೆ ಬಸ್ಸಿನ ಜನವೇ ದಾರಿ ಕಂಡುಕೊಂಡಿದ್ದರು. ಮುಂದೆ ಹತ್ತಿದವರು ದುಡ್ಡನ್ನು ಪಕ್ಕದವರ ಕೈಗೆ ಕೊಟ್ಟು ಇಳಿಯುವ ಜಾಗ ಹೇಳುವುದು. ಅದು ಕೈಯಿಂದ ಕೈಗೆ ದಾಟಿ ಹಿಂದಕ್ಕೆ ಬರುವುದು. ಟಿಕೆಟ್ಟೂ ಚಿಲ್ಲರೆಯೂ ಅದೇ ದಾರಿಯಲ್ಲಿ ಮುಂದಕ್ಕೆ ಹೋಗುವುದು. ನಿದ್ದೆ ಹೋದವರ ಮಡಿಲೂ ದಾರಿಯೇ. ಒಂದು ಕಾಸೂ ಕಳೆದದ್ದು ನಾನು ಕಾಣೆ.

"ನನ್ನ ದುಡ್ಡು ಎಲ್ಲಿಗೆ ಮುಟ್ತು?" ಎಂದು ಮುಂದಿನಿಂದ ಯಾರಾದರೂ ಕೂಗುವರು.

"ಮೇಷ್ಟ್ರ ಮುಷ್ಟೀಲಿದೆ, ಬಡ್ಡಿ ಬೆಳೀತಿದೆ!" ಎಂದು ನರ್ಸಮ್ಮ ಉತ್ತರ ಕೊಡುವಳು.

ನರ್ಸಮ್ಮ ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವವಳು, ಬಾಯಿ ಸ್ವಲ್ಪ ಜೋರು. ಮೇಷ್ಟ್ರು ನಡುವಿನ ಸೀಟಿನಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಬರುವವರು. ಒಂದು ಕೈಯಲ್ಲಿ ಕೆಂಪು ಪೆನ್ನು, ಇನ್ನೊಂದು ಕೈ ಟಿಕೆಟ್ ದಾಟಿಸಲಿಕ್ಕೇ ಮೀಸಲು. ಡ್ರೈವರನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಆತ ಎಂದೂ ಹಿಂದೆ ತಿರುಗಿ ನೋಡಿದವನಲ್ಲ. ಗಂಟೆ ಬಾರಿಸಿದರೆ ನಿಲ್ಲುವನು, ಬಾರಿಸಿದರೆ ಹೊರಡುವನು.

ಬಾಗಿಲಣ್ಣ ಬಸ್ಸಿಗೆ ಬರುವ ಮೊದಲು ಬಟ್ಟೆಯಂಗಡಿಯೊಂದರ ಲಿಫ್ಟ್ ನಡೆಸುತ್ತಿದ್ದನಂತೆ. ಕಬ್ಬಿಣದ ಜಾಲರಿಯ ಬಾಗಿಲು ಎಳೆಯುವುದು, ಮಹಡಿಯ ಹೆಸರು ಕೂಗುವುದು, ಬಾಗಿಲು ತೆಗೆಯುವುದು. ತಾನಾಗಿ ಮುಚ್ಚುವ ಲಿಫ್ಟ್ ಬಂದ ಮೇಲೆ ಕೆಲಸ ಹೋಯಿತು. "ಆಗಲೂ ಬಾಗಿಲು, ಈಗಲೂ ಬಾಗಿಲು," ಎನ್ನುತ್ತಿದ್ದ. "ಒಂದೇ ವ್ಯತ್ಯಾಸ ತಾಯಿ. ಅಲ್ಲಿ ಮೇಲೆ ಕೆಳಗೆ, ಇಲ್ಲಿ ಹಿಂದೆ ಮುಂದೆ."

ದೊರೆಯ ತಲೆಯ ಮೇಲ್ಗಡೆ ದೂರು ಹೇಳುವ ಫೋನ್ ನಂಬರು ದೊಡ್ಡದಾಗಿ ಬರೆದಿತ್ತು. ನೋಡಿ ನೋಡಿ ಬಾಯಿಪಾಠವಾಗಿತ್ತು. ಮನೆಯಲ್ಲಿ ಎಷ್ಟೋ ಸಲ ಒತ್ತಿ, ಅತ್ತ ರಿಂಗಾಗುವ ಮೊದಲೇ ಕತ್ತರಿಸಿದ್ದೆ. ಯಾಕೆಂದರೆ ನರ್ಸಮ್ಮ ನನಗೆ ಮೊದಲೇ ಬುದ್ಧಿ ಹೇಳಿದ್ದಳು.

"ಹುಚ್ಚಿ, ಫೋನ್ ಗೀನ್ ಮಾಡೀಯ! ಹಿಂದೆ ಒಬ್ಬ ಕಂಡಕ್ಟರ್ ಇದ್ದ, ಬಂಗಾರದಂಥ ಮನುಷ್ಯ. ಸೀಟು ಹರಿದಿದೆ ಅಂತ ಯಾರೋ ಫೋನ್ ಮಾಡಿದ್ರು. ಸೀಟು ಇನ್ನೂ ಹಾಗೇ ಇದೆ, ಅವನು ಮಾತ್ರ ಎತ್ತಂಗಡಿ. ದೂರು ಯಾವ್ದರ ಮೇಲೆ ಕೊಟ್ರೂ ಬರೋದು ಕಂಡಕ್ಟರ್ ತಲೆಗೇ."

ಬಸ್ಸಿನಲ್ಲಿ ಎಲ್ಲರಿಗೂ ಈ ಕಥೆ ಗೊತ್ತಿತ್ತು. ಅದಕ್ಕೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಬಾಗಿಲಣ್ಣನಿಗೆ ನಾವು ಮಾಡುವ ಉಪಕಾರ ಅದು ಎಂದೇ ತಿಳಿದಿದ್ದೆವು.

ಒಂದು ಬೆಳಿಗ್ಗೆ ಮಾರುಕಟ್ಟೆ ಸ್ಟಾಪಿನಲ್ಲಿ ಚೆಕಿಂಗ್‌ನವರು ಮುಂದಿನ ಬಾಗಿಲಿನಿಂದ ಹತ್ತಿದರು. ಅವರಿಗೆ ಮೊದಲು ಸಿಕ್ಕಿದ್ದು ಹಿಂದಿನ ಸ್ಟಾಪಿನಲ್ಲಿ ಹತ್ತಿದ್ದ ಒಬ್ಬ ಕಾಲೇಜು ಹುಡುಗಿ.

"ಟಿಕೆಟ್?"

"ದುಡ್ಡು ಹೋಗಿದೆ ಸಾರ್."

"ಹೋಗಿದೆ ಅಂದ್ರೆ? ಎಲ್ಲಿಗೆ?"

"ಹಿಂದಕ್ಕೆ."

ನಾಲ್ಕು ಜನ ನಕ್ಕರು. ಚೆಕಿಂಗ್‌ನವರು ನಗಲಿಲ್ಲ. ಹುಡುಗಿಯ ದುಡ್ಡು ಆಗ ಮೇಷ್ಟ್ರ ಮುಷ್ಟಿಯಲ್ಲಿತ್ತು. ಅವರು ಅಪರಾಧಿಯ ಹಾಗೆ ಕೈ ಬಿಚ್ಚಿ ತೋರಿಸಿದರು. ಚೆಕಿಂಗ್‌ನವರು ಸೀದಾ ಹಿಂದಕ್ಕೆ ಬಂದರು.

"ಕಂಡಕ್ಟರ್ ಅಂದ್ರೆ ಪ್ಯಾಸೆಂಜರ್ ಹತ್ರ ಹೋಗಿ ಟಿಕೆಟ್ ಕೊಡಬೇಕೋ, ಇಲ್ಲಿ ರಾಜನ ಹಾಗೆ ನಿಂತು ಕಪ್ಪ ತರಿಸ್ಕೋಬೇಕೋ?"

"ಈ ಬಾಗಿಲು ನಿಲ್ಲಲ್ಲ ಸಾರ್..."

ಅವರು ಬಾಗಿಲು ನೋಡಿದರು. ನಿಂತ ಬಸ್ಸಿನಲ್ಲಿ ಅದು ಸಾಧುವಿನ ಹಾಗೆ ಮುಚ್ಚಿಕೊಂಡಿತ್ತು. ನಾನು ಬಾಯಿ ತೆರೆಯಹೊರಟೆ. ನರ್ಸಮ್ಮ ತೋಳು ಚಿವುಟಿದಳು. ಅವರು ಮೆಮೊ ಬರೆದುಕೊಟ್ಟು, "ಇನ್ನೊಂದು ಸಲ ಟಿಕೆಟ್ ಇಲ್ದೆ ಯಾರಾದ್ರೂ ಸಿಕ್ಕಿದ್ರೆ ಮನೇಲಿ ಕೂತ್ಕೋಬೇಕಾಗುತ್ತೆ," ಎಂದು ಇಳಿದುಹೋದರು. ಬಾಗಿಲಣ್ಣ ಮೆಮೊವನ್ನು ಮಡಿಚಿ ಜೇಬಿಗಿಟ್ಟು ಗಂಟೆಯ ಹಗ್ಗ ಜಗ್ಗಿದ. ದೊರೆ ತಿರುಗಿ ನೋಡದೆ ಬಸ್ಸು ಬಿಟ್ಟ.

ಮರುದಿನದಿಂದ ಅವನು ಕಾನೂನಿನ ಪ್ರಕಾರ ಸೀಟು ಸೀಟಿಗೆ ಹೋಗಿ ಟಿಕೆಟ್ ಕೊಡತೊಡಗಿದ. ಮುಂದೆ ಹೋದಾಗಲೂ ಕುತ್ತಿಗೆ ಹಿಂದಕ್ಕೇ ಹೊರಳಿರುತ್ತಿತ್ತು. ಎಷ್ಟೇ ಬೇಗ ಮುಗಿಸಿದರೂ ಬಸ್ಸು ಆಸ್ಪತ್ರೆಯ ತಿರುವಿಗೆ ಬರುವಾಗ ಅವನು ಮೇಷ್ಟ್ರ ಸೀಟಿನ ಆಚೆಯೇ ಇರುತ್ತಿದ್ದ. ನಾನು ಮಗಳನ್ನು ಕಿಟಕಿಯ ಕಡೆ ಕೂರಿಸಿ, ಕಾಲು ಎದುರಿನ ಕಂಬಿಗೆ ಒತ್ತಿ, ಅವನ ಬದಲು ನಾನೇ ಅಡ್ಡವಾಗಿ ಕೂರುತ್ತಿದ್ದೆ.

ಅಂಥ ಒಂದು ದಿನ ಮಗಳ ಕೈಯಿಂದ ನೀರಿನ ಬಾಟಲಿ ಜಾರಿತು. ಉರುಳಿ ಮೆಟ್ಟಿಲ ಅಂಚಿಗೆ ಹೋಗಿ, ಒಂದು ಗಳಿಗೆ ಯೋಚಿಸಿದ ಹಾಗೆ ನಿಂತಿತು. ಅಷ್ಟರಲ್ಲಿ ತಿರುವು. ಬಾಗಿಲು ಮಡಿಚಿಕೊಂಡಿತು, ಬಾಟಲಿ ಹೊರಗೆ ಹಾರಿತು. "ನನ್ ಬಾಟ್ಲಿ!" ಎಂದು ನನ್ನ ಕಾಲ ಮೇಲಿಂದ ನುಗ್ಗಿದ ಮಗಳನ್ನು ಸಿಕ್ಕಿದ ಕಡೆ ಹಿಡಿದೆಳೆದೆ. ಸಿಕ್ಕಿದ್ದು ಫ್ರಾಕು. ಸೊಂಟದ ಹೊಲಿಗೆ ಪರ್ರೆಂದು ಹರಿಯಿತು. ಮಗು ನನ್ನ ಮಡಿಲಿಗೆ ಬಿತ್ತು. ಹಿಂದೆ ಬರುತ್ತಿದ್ದ ಲಾರಿಯ ಚಕ್ರ ಬಾಟಲಿಯ ಮೇಲೆ ಹಾದದ್ದನ್ನು ನಾನು ನೋಡಿದೆ.

ಬಾಗಿಲಣ್ಣ ಜನರನ್ನು ಸೀಳಿಕೊಂಡು ಬಂದು ಮೆಟ್ಟಿಲಲ್ಲಿ ನಿಂತ, ಬೆನ್ನು ಕೊಟ್ಟು. ಏದುಸಿರು ಬಿಡುತ್ತಿದ್ದ. ಅಲ್ಲಿಂದಲೇ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ.

"ಟಿಕೆಟ್ ಆಗದೇ ಇರೋರು ದುಡ್ಡು ಹಿಂದಕ್ಕೆ ಕಳಿಸಿ!"

"ಅಣ್ಣ, ಮೆಮೊ..." ಎಂದೆ.

"ಬಂದಾಗ ನೋಡ್ಕೊಳ್ಳೋಣ." ಆಮೇಲೆ ಮಗಳ ಫ್ರಾಕು ನೋಡಿ, "ನಮ್ಮನೆಯವಳು ಹೊಲೀತಾಳೆ ತಾಯಿ. ಕೊನೇ ಸ್ಟಾಪಿನ ಹಿಂದಿನ ಓಣಿ, ಹೊಲಿಗೆ ಮಿಷನ್ ಸದ್ದು ಕೇಳುತ್ತೆ. ತಗೊಂಡ್ಹೋಗಿ."

ಭಾನುವಾರ ಹೋದೆ. ಒಂದೇ ಕೋಣೆಯ ಮನೆ. ಕಿಟಕಿಯ ಬೆಳಕಿಗೆ ಮಿಷನ್, ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಬೇರೆಯವರ ಬಟ್ಟೆ, ಬಾಗಿಲ ಮಗ್ಗುಲಲ್ಲಿ ಸುತ್ತಿಟ್ಟ ಹಾಸಿಗೆ. ಬಾಗಿಲಣ್ಣ ಡ್ಯೂಟಿಗೆ ಹೋಗಿದ್ದ. ಅವನ ಇನ್ನೊಂದು ಅಂಗಿ ಮಿಷನ್ ಮೇಲೇ ಇತ್ತು, ಬೆನ್ನು ಮೇಲಾಗಿ.

"ಮೂರನೇ ತೇಪೆ ಇದು. ತೇಪೆ ಮೇಲೆ ತೇಪೆ," ಎಂದಳು ಆಕೆ, ಫ್ರಾಕಿನ ಹೊಲಿಗೆ ಬಿಚ್ಚುತ್ತಾ. "ಎಲ್ಲರ ಗಂಡಂದಿರ ಮೊಣಕೈ ಹರಿಯುತ್ತೆ, ಜೇಬು ಹರಿಯುತ್ತೆ. ನಮ್ಮೋರದ್ದು ಬೆನ್ನು. ಮನೇಲೂ ಅಷ್ಟೇ, ಬಾಗಿಲಿಗೆ ಬೆನ್ನು ಹಚ್ಚದೇ ಇದ್ರೆ ನಿದ್ದೆ ಬರಲ್ಲ. ಕಳ್ಳ ಬಂದ್ರೆ ಮೊದ್ಲು ಇವರನ್ನ ಎಬ್ಬಿಸಿ, ಟಿಕೆಟ್ ತಗೊಂಡು ಒಳಗೆ ಬರಬೇಕು."

ನಾನು ನಕ್ಕೆ. ಆಮೇಲೆ, ಹೇಳದೇ ಇರಲಾಗದೆ, ನಾವು ಯಾಕೆ ದೂರು ಕೊಟ್ಟಿಲ್ಲ ಎಂದು ಹೇಳಿದೆ. ಹಿಂದಿನ ಕಂಡಕ್ಟರಿನ ಕಥೆಯನ್ನೂ ಹೇಳಿದೆ. ಆಕೆಯ ಕೈ ನಿಂತಿತು.

"ಯಾರು, ಆ ಬೋಳುತಲೆಯವನಾ? ಅವನನ್ನ ಯಾರು ಎತ್ತಂಗಡಿ ಮಾಡಿದ್ರು? ಮನೆ ಹತ್ರ ಆಗುತ್ತೆ ಅಂತ ಅವನೇ ಕೈಕಾಲು ಹಿಡಿದು ವರ್ಗ ಮಾಡಿಸ್ಕೊಂಡು ಹೋದ!"

"ಹಾಗಾದ್ರೆ ದೂರು ಕೊಟ್ರೆ ಇವರಿಗೆ ತೊಂದ್ರೆ ಇಲ್ವಾ ಅಕ್ಕ?"

"ಅಯ್ಯೋ ನನ್ನಮ್ಮ. ಇವರು ದಿನಾ ಡಿಪೋದಲ್ಲಿ ಹೇಳ್ತಾರೆ, ಬಾಗಿಲು ಸರಿಮಾಡಿ ಅಂತ. ಅಲ್ಲಿನ ರಿಪೇರಿ ಮೇಸ್ತ್ರಿ ಏನಂತಾನೆ ಗೊತ್ತಾ? ಕಂಡಕ್ಟರ್ ಹೇಳಿದ್ರೆ ಗೊಣಗಾಟ, ಪ್ಯಾಸೆಂಜರ್ ಹೇಳಿದ್ರೆ ದೂರು. ನಿನ್ನ ಬಸ್ಸಿನ ಮೇಲೆ ಒಂದು ದೂರೂ ಇಲ್ವಲ್ಲಯ್ಯ, ಇಡೀ ಡಿಪೋದಲ್ಲಿ ಅದೇ ಒಳ್ಳೆ ಬಸ್ಸು. ಹಾಗಂತ ಹೇಳಿ ಇನ್ನೊಂದು ಬಸ್ಸಿನ ಕೆಳಗೆ ಹೋಗಿ ಮಲಗ್ತಾನಂತೆ."

"ಅಣ್ಣ ನಮಗೆ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ?"

"ಇವರಾ? ನಿಮ್ಮನ್ನ ಕೇಳ್ತಾರಾ? ಜನ ದುಡ್ಡು ಕೊಟ್ಟು ಬರೋರು, ಅವರಿಗೆ ನನ್ನ ಕೆಲಸ ಹೇಳಲಾ ಅಂತ ನಾಚಿಕೆ." ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. "ನೀವೆಲ್ಲ ಅವರಿಗೆ ಒಳ್ಳೇದಾಗ್ಲಿ ಅಂತ ಸುಮ್ನಿದ್ರಿ. ಅವರು ನಿಮಗೆ ತೊಂದ್ರೆ ಬೇಡ ಅಂತ ಸುಮ್ನಿದ್ರು. ಮಧ್ಯೆ ನನ್ನ ಸೂಜಿ ಸವೀತು, ಅಷ್ಟೇ."

ಸೋಮವಾರ ಬಸ್ಸಿನಲ್ಲಿ ಕೂತು, ಮಗಳನ್ನು ಕಿಟಕಿಯ ಕಡೆ ಸರಿಸಿ, ಫೋನ್ ತೆಗೆದೆ. ಬಾಗಿಲಣ್ಣ ಮೆಟ್ಟಿಲಲ್ಲಿದ್ದ. ದುಡ್ಡು ಹಿಂದಕ್ಕೆ ಬರುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಇದ್ದರೂ ಇರಬಹುದಿತ್ತು. ನಂಬರು ಒತ್ತಿದೆ. ಈ ಸಲ ರಿಂಗಾಗಲು ಬಿಟ್ಟೆ.

"ಹೇಳಿ, ಕಂಡಕ್ಟರ್ ಮೇಲೆ ದೂರಾ?" ಎಂದಿತು ಒಂದು ಹೆಣ್ಣು ದನಿ, ನಾನು ಬಾಯಿ ತೆರೆಯುವ ಮೊದಲೇ.

"ಅಲ್ಲ."

"ಡ್ರೈವರ್ ಮೇಲೆ?"

"ಅಲ್ಲಮ್ಮ. ಬಾಗಿಲ ಮೇಲೆ."

ಬಸ್ಸು ಹೊರಡುವ ಊರಕೊನೆಯ ಜಾಗ, ಬಸ್ಸಿನ ನಂಬರು, ಮುರಿದ ಕೊಕ್ಕೆ, ತಿರುವು, ಬಾಟಲಿ ಎಲ್ಲ ಹೇಳಿದೆ. ಬಾಗಿಲನ್ನು ತನ್ನ ಬೆನ್ನಿನಿಂದ ಯಾರು ಹಿಡಿದು ನಿಂತಿದ್ದಾರೆ, ಯಾಕೆ ಟಿಕೆಟ್ ಕೈಯಿಂದ ಕೈಗೆ ಹೋಗುತ್ತದೆ, ಅದಕ್ಕೆ ಮೆಮೊ ಬಂದಿದೆ, ಅದನ್ನೂ ಹೇಳಿದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ನರ್ಸಮ್ಮ ಚಿವುಟಲು ಕೈ ಎತ್ತಿದಳು.

"ಆ ಬೋಳುತಲೆಯವನು ತಾನಾಗೇ ಕೇಳ್ಕೊಂಡು ಹೋಗಿದ್ದಂತೆ," ಎಂದೆ ಅವಳಿಗೆ. "ಇವರ ಮನೆಯವರೇ ಹೇಳಿದ್ರು. ನಾವು ಹೇಳದೇ ಇರೋದಕ್ಕೇ ಬಾಗಿಲು ಹೀಗಿದೆಯಂತೆ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಇದು ನೀವೊಬ್ಬರೇ ಹೇಳ್ತಿರೋದಾ, ಬೇರೆ ಯಾರಾದ್ರೂ ನೋಡಿದ್ದಾರಾ?" ಎಂದಿತು ಫೋನಿನ ದನಿ.

ನಾನು ಉತ್ತರಿಸುವ ಮೊದಲೇ ನರ್ಸಮ್ಮ ಫೋನ್ ಕಿತ್ತುಕೊಂಡಳು. "ನಾನು ನೋಡಿದೀನಿ ಕಣಮ್ಮ, ದಿನಾ ನೋಡ್ತೀನಿ, ಬರೆದುಕೋ," ಎಂದು ತನ್ನ ಹೆಸರು, ಕೆಲಸ ಹೇಳಿ, ಫೋನನ್ನು ಮೇಷ್ಟ್ರಿಗೆ ದಾಟಿಸಿದಳು. ಮೇಷ್ಟ್ರು ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಪಾಠ ಒಪ್ಪಿಸಿದ ಹಾಗೆ ನಿಧಾನವಾಗಿ ಹೇಳಿ, ಮುಂದಿನ ಸೀಟಿಗೆ ಕೊಟ್ಟರು. ದುಡ್ಡು ಹಿಂದಕ್ಕೆ ಬಂದ ದಾರಿಯಲ್ಲೇ ಫೋನ್ ಮುಂದಕ್ಕೆ ಹೋಗುತ್ತಿತ್ತು. ಕಾಲೇಜು ಹುಡುಗಿ ಮಾತಾಡಿದಳು. ಹೆಸರು ಗೊತ್ತಿಲ್ಲದ ಯಾರೋ ಮಾತಾಡಿದರು. ಕೊನೆಗೆ ದೊರೆಯ ಭುಜದ ಪಕ್ಕಕ್ಕೆ ಯಾರೋ ಅದನ್ನು ಹಿಡಿದರು. ದೊರೆ ತಿರುಗಿ ನೋಡಲಿಲ್ಲ. "ಹೌದು, ಹಿಂದಿನ ಬಾಗಿಲು," ಎಂದು ರಸ್ತೆಗೆ ಹೇಳಿದ, ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಬಾಗಿಲಣ್ಣ ನಮ್ಮ ಕಡೆ ನೋಡಲಿಲ್ಲ. ಆಸ್ಪತ್ರೆಯ ತಿರುವು ಬಂತು. ಅವನು ಕಂಬಿ ಬಿಗಿಹಿಡಿದು ಬೆನ್ನು ಕೊಟ್ಟ. ತಗಡು ಗುಡುಗಿತು, ನಿಂತಿತು.

ಫೋನ್ ಕೈಯಿಂದ ಕೈಗೆ ದಾಟಿ ನನ್ನ ಬಳಿಗೆ ವಾಪಸ್ಸು ಬಂತು, ಯಾರು ಯಾರದೋ ಕಿವಿಗಳ ಬಿಸಿ ಹೊತ್ತುಕೊಂಡು. ಕಿವಿಗಿಟ್ಟೆ. ಅತ್ತಲಿನ ದನಿ ಇನ್ನೂ ಅಲ್ಲೇ ಇತ್ತು.

"ಹಲೋ? ಹಲೋ, ಈಗ ಮಾತಾಡ್ತಿರೋದು ಯಾರು?"

"ಮೊದಲು ಫೋನ್ ಮಾಡಿದವಳೇ," ಎಂದೆ. "ಬಸ್ಸು ಡಿಪೋಗೆ ಬಂದಾಗ ಮೇಸ್ತ್ರಿಗೆ ಹೇಳಿಬಿಡಿ, ಇದು ಗೊಣಗಾಟ ಅಲ್ಲ, ದೂರು."