ಮೋತಿಯ ಹಿಂದೆ ಓಡಿದ ಡೊಂಬಿವಲಿ

ಗೆಳೆಯರೇ, ನಾಲ್ಕು ದಿನದಿಂದ ನನಗೆ ಓವರ್‌ಟೈಮ್, ನಾಯಿ ಮೋತಿಗೆ ಓಡಾಟವೇ ಇಲ್ಲ. ಇಂದು ಬೆಳಿಗ್ಗೆ ಅದು ನನ್ನ ಚಪ್ಪಲಿಯನ್ನು ಚಿಂದಿ ಮಾಡಿತ್ತು.

"ದಿನಾ ಓಡಿಸ್ಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ? ಸ್ಟೇಷನ್ ತನಕ ನೀವು ಓಡಿಸಿ, ವಾಪಸ್ ನಾನು ಕರ್ಕೊಂಡು ಬರ್ತೇನೆ," ಎಂದು ಹೆಂಡತಿಯೂ ಹೊರಟಳು.

ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿದ್ದೇ ತಡ, ಮೋತಿ ಹಗ್ಗ ಕಿತ್ತುಕೊಂಡು ಓಡಿತು. ನಾನು ಬೆನ್ನಟ್ಟಿದೆ. ನನ್ನ ಓಟ ಕಂಡವರೆಲ್ಲ, ಫಾಸ್ಟ್ ಲೋಕಲ್ ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತಿದೆಯೆಂದು ನನ್ನ ಹಿಂದೆಯೇ ಓಡಿಬಂದರು. ಕೆಳಗಿಳಿದರೆ ಹಳಿ ಖಾಲಿ. ನಮ್ಮ ಗಾಡಿ ಎಂದಿನ ಪ್ಲಾಟ್‌ಫಾರ್ಮಿನಿಂದಲೇ ಹೊರಟಿತ್ತು.

"ಕೌನ್ಸಾ ಗಾಡಿ, ಭಾಯಿಸಾಬ್?" ಯಾವ ಗಾಡಿ ಎಂದು ಒಬ್ಬರು ಏದುಸಿರು ಬಿಡುತ್ತ ಕೇಳಿದರು.

ನಾನು ಮೋತಿಯನ್ನು ತೋರಿಸಿದೆ.

ನಾಲ್ಕು ದಿನದಲ್ಲಿ ಮೊದಲ ಸಲ ಅದು ನೆಮ್ಮದಿಯಾಗಿ ಕಾಲು ಚಾಚಿ ಮಲಗಿತ್ತು. ಚಡಪಡಿಸುವ ಸರದಿ ಈಗ ಪ್ಲಾಟ್‌ಫಾರ್ಮಿನ ತುಂಬ ನಿಂತಿದ್ದ ನಮ್ಮದು.