ನೆಲುವಿನಲ್ಲಿ ತೂಗುತ್ತಿದ್ದ ಫೋನು

ಗುಬ್ಬಿಯ ನಮ್ಮ ಬೀದಿಯಲ್ಲಿ ಸಂಜೆ ಏಳಾದರೆ ಟಿ.ವಿ.ಗಳ ಸದ್ದು ತಾನಾಗಿ ಇಳಿಯುತ್ತಿತ್ತು. ಅದು ರುದ್ರಯ್ಯನವರ ತಂಗಿ ಫೋನ್ ಮಾಡುವ ಹೊತ್ತು.

ರುದ್ರಯ್ಯನವರು ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿಯ ಸದ್ದಿಗೆ ಎದುರಾಗಿ ಕೂಗಿ ಕೂಗಿ ದನಿ ದೊಡ್ಡದಾಯಿತು, ಕಿವಿ ಮಂದವಾಯಿತು. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲಿ, ರಾಗಿಯೋ ಗೋಧಿಯೋ ಎಂದು ವಿಚಾರಿಸುವ ದನಿಯಲ್ಲೇ ಆಕೆಯ ಹೆಸರು ಕೇಳಿದರಂತೆ. ಮಂಡಿ ನೋವು ಬಂದು ಗಿರಣಿ ಮಾರಿದ ಮೇಲೆ ಅವರ ಬಾಗಿಲಿಗೆ ಬರುವವರು ಇಲ್ಲವಾದರು. ಉಳಿದವಳು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಕೊಟ್ಟಿದ್ದ ತಂಗಿ ರೇವಮ್ಮ, ಅವಳೂ ಫೋನಿನಲ್ಲಿ.

ಆ ಫೋನನ್ನು ಅವರು ತಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ತುಮಕೂರಿನಿಂದ ಕೊಂಡು ತಂದ ದಿನವೇ ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿದರು. ಮೈ ಹೀರಿಕೊಳ್ಳುವ ರೇಡಿಯೋ ಅಲೆಗೆ ನಮ್ಮ ದೇಶದಲ್ಲಿರುವ ಮಿತಿ ಕಿಲೋಗೆ 1.6 ವ್ಯಾಟ್. ಈ ಫೋನಿನದು 1.1. "ಮಿತಿಯೊಳಗೇ ಇದೆ" ಎಂದೆ.

"ಗಿರಣಿ ಬೆಲ್ಟಿಗೂ ಮಿತಿ ಬರ್ದಿದ್ರು ಮೇಷ್ಟ್ರೇ. ಹಂಗಂತ ಅದರ ಪಕ್ಕ ತಲೆ ಇಟ್ಕೊಂಡು ಮಲಗ್ತಿದ್ನಾ?"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು ನಾನು. ಫೋನನ್ನು ದಿಂಬಿನಡಿ ಇಟ್ಟು ಮಲಗುವವನು. ನನ್ನ ತಲೆಯಲ್ಲಿ ಕೊರತೆಯೇನಾದರೂ ಇದ್ದರೆ ಅದು ಫೋನು ಬರುವುದಕ್ಕೂ ಮೊದಲಿನದು ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ.

ಸಿಗ್ನಲ್ ಕಡಿಮೆಯಿದ್ದಲ್ಲಿ ಫೋನು ಹೆಚ್ಚು ಶಕ್ತಿ ಹಾಕಿ ಅಲೆ ಬಿಡುತ್ತದೆ ಎಂದು ಎಲ್ಲೋ ಕೇಳಿದ್ದ ಅವರು, ಸಿಗ್ನಲ್ ಚೆನ್ನಾಗಿದ್ದ ಬೀದಿ ಕಿಟಕಿಯನ್ನೇ ಆರಿಸಿ ಅಲ್ಲಿ ಅವ್ವನ ಕಾಲದ ನೆಲುವನ್ನು ಕಟ್ಟಿದರು. ಬೆಕ್ಕಿಗೆ ಎಟುಕದಂತೆ ಬೆಣ್ಣೆ ಗಡಿಗೆ ತೂಗುತ್ತಿದ್ದ ಹಗ್ಗದಲ್ಲಿ ಈಗ ಫೋನು ತೂಗಿತು. ಸ್ಪೀಕರ್ ಹಾಕಿ, ಎದುರು ಗೋಡೆಗೆ ಕುರ್ಚಿ ಒತ್ತಿ ಕೂತು ಇವರು ಕೂಗುತ್ತಿದ್ದರು. ಅತ್ತ ತನ್ನ ಮನೆ ಹಿಂದಿನ ತೆಂಗಿನ ತೋಟದಲ್ಲಿ ನಿಂತು ರೇವಮ್ಮನೂ ಕೂಗುತ್ತಿದ್ದಳು. ಕೊತ್ತಗೆರೆಯಲ್ಲಿ ಅವರ ಹಸು ಕರು ಹಾಕಿದ್ದು ಅಕ್ಕಪಕ್ಕದವರಿಗಿಂತ ಮೊದಲು ನಮ್ಮ ಬೀದಿಗೆ ಗೊತ್ತಾಯಿತು.

ಒಂದು ಸಂಜೆ ರೇವಮ್ಮ ಹೇಳಿದಳು: "ಅಣ್ಣಾ, ನಮ್ ಸೊಸೆ ಶಶಿಕಲಾ ಮಾಡೋ ಸಾರ್ನಾಗೆ ಮುಖ ನೋಡ್ಕೊಂಡು ತಲೆ ಬಾಚ್ಕೋಬೋದು ಕಣಣ್ಣಾ!"

ರುದ್ರಯ್ಯ ನಕ್ಕರು. ಬೀದಿಯೂ ನಕ್ಕಿತು, ಪಕ್ಕದ ಮನೆಯ ನಾನಂತೂ ನಮ್ಮ ಕಾಂಪೌಂಡಿಗೆ ಇನ್ನಷ್ಟು ಒರಗಿಕೊಂಡೆ. ನಗದಿದ್ದವರು ಎದುರು ಮನೆಯ ಗಂಗಾಂಬಿಕೆ ಒಬ್ಬರೇ. ಅವರು ಶಶಿಕಲಾಳ ಚಿಕ್ಕಮ್ಮ. ಆ ಸಂಬಂಧ ಕುದುರಿಸಿದವರೂ ಅವರೇ.

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವರು ಮಾಡಿದರೆ ರಿಂಗಾಗಿ ಕಟ್ಟಾಗುತ್ತಿತ್ತು. ರುದ್ರಯ್ಯ ಮಾತ್ರ ಏಳಕ್ಕೆ ಸರಿಯಾಗಿ ಗೋಡೆಗೆ ಕುರ್ಚಿ ಒತ್ತಿ ನೆಲುವನ್ನೇ ನೋಡುತ್ತ ಕೂರುತ್ತಿದ್ದರು.

ಕೊನೆಗೆ ತಡೆಯಲಾರದೆ ತುಮಕೂರು, ಕುಣಿಗಲ್ ಎಂದು ಬಸ್ಸು ಬದಲಿಸಿ ಹೋಗಿ, ಅಂದೇ ಸಂಜೆ ವಾಪಸಾದರು.

"ರೇವಮ್ಮ ಹೆಂಗಿದಾರೆ?" ಎಂದೆ.

"ಕಾಫಿ ಕೊಟ್ಲು. ಸೊಸೆ ಪಕ್ಕದಲ್ಲೇ ನಿಂತಿತ್ತು. ಮಳೆ ಬೆಳೆ ಮಾತಾಡಿದ್ವಿ. ಬಸ್ಸು ಹತ್ತೋವಾಗ ಅಂದ್ಲು, 'ಮನಸು ಬಿಚ್ಚಿ ಮಾತಾಡೋಕೆ ನಂಗಿದ್ದುದ್ದು ಅದೊಂದೇ ಗಳಿಗೆ ಅಣ್ಣಾ. ನೀನು ಅದುನ್ನ ಬೀದೀಲಿ ತೂಗಾಕ್ಬುಟ್ಟೆ. ಕಿವಿಗಿಟ್ಕಂಡು ಮಾತಾಡಂಗಿದ್ರೆ ಮಾಡ್ತೀನಿ, ಇಲ್ದಿದ್ರೆ ಬುಡು' ಅಂತ."

ತಂತಿಯ ಇಯರ್‌ಫೋನ್ ಕೊಟ್ಟು ನೋಡಿದೆ. ಆ ಮಂದ ಕಿವಿಯಲ್ಲಿ ಇರುವೆ ಹರಿದಂತಾಯಿತೇ ಹೊರತು ಮಾತು ಇಳಿಯಲಿಲ್ಲ.

"ಮೇಷ್ಟ್ರೇ, ಆ 1.1 ನಿಜವಾ?"

"ನಿಜ. ಅದೂ ಫೋನು ಪೂರ್ತಿ ಶಕ್ತಿ ಹಾಕಿ ದುಡಿಯೋವಾಗಿನ ಲೆಕ್ಕ. ಮಾಮೂಲಿ ಮಾತಿಗೆ ಅಷ್ಟೂ ಇರಲ್ಲ."

ತಕ್ಕಡಿ ಹಿಡಿದ ವ್ಯಾಪಾರಿಯನ್ನು ನೋಡುವಂತೆ ನನ್ನನ್ನು ನೋಡಿದರು. ಮಾರನೇ ಸಂಜೆ ನನ್ನನ್ನು ಒಳಗೆ ಕರೆದು, ತಲೆ ಸುತ್ತಿದರೆ ಹಿಡಿದುಕೊಳ್ಳಬೇಕೆಂದು ಪಕ್ಕದಲ್ಲಿ ಕೂರಿಸಿಕೊಂಡರು. ಕಿಟಕಿ ಮುಚ್ಚಿದರು. ತಂಗಿಗೆ ಫೋನ್ ಮಾಡಿ, ಇಂಜೆಕ್ಷನ್ನಿಗೆ ತೋಳು ಕೊಟ್ಟವರಂತೆ ಕಣ್ಣು ಮುಚ್ಚಿ ಕಿವಿಗಿಟ್ಟುಕೊಂಡರು.

"ಹೂಂ... ಹೂಂ ಕಣವ್ವಾ..." ಇಷ್ಟು ಮೆಲ್ಲನೆಯ ದನಿ ಅವರಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ನಡುವೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, "ಅರ್ಧ ಈ ಕಡೇನೂ ಹೋಗ್ಲಿ" ಎಂದು ನನಗೆ ಹೇಳಿದರು. ಮತ್ತೆ ಹೂಂಗುಟ್ಟಿದರು.

ಮಾತು ಮುಗಿಯಿತು. "ಏನಂತೆ?" ಎಂದೆ, ಕೇಳಿ ಅಭ್ಯಾಸವಾಗಿದ್ದ ಚಾಳಿ.

"ಪಿಸಪಿಸ ಅಂತಾಳೆ. ಒಂದು ಮಾತೂ ಕೇಳಿಸ್ಲಿಲ್ಲ."

"ಜೋರಾಗಿ ಹೇಳು ಅನ್ನಬಾರದಿತ್ತೇ?"

"ಬ್ಯಾಡ ಬುಡಿ. ಆಮೇಲೆ ಮಾಡೋದೇ ನಿಲ್ಲಿಸ್ಬುಟ್ಟಾಳು." ಟವೆಲ್ಲಿನಿಂದ ಫೋನನ್ನು ಒರೆಸಿ ನೆಲುವಿನಲ್ಲಿಟ್ಟರು.

ರೇವಮ್ಮನ ಫೋನು ಮತ್ತೆ ಶುರುವಾದ ಸುದ್ದಿ ಹೇಗೋ ಹಬ್ಬಿತು. ಮರುದಿನ ಏಳಕ್ಕೆ ಬೀದಿಯ ಟಿ.ವಿ.ಗಳೆಲ್ಲ ಸದ್ದು ಇಳಿಸಿದವು. ನಾನೂ ಕಾಂಪೌಂಡಿಗೆ ಒರಗಿ ನಿಂತೆ. ಮುಚ್ಚಿದ ಕಿಟಕಿಯ ಗಾಜಿನಾಚೆ ಅವರ ತಲೆ ಒಂದೊಂದು ಸಲ ಆಡುತ್ತಿತ್ತು, ಅಷ್ಟೆ. ಸ್ವಲ್ಪ ಹೊತ್ತು ನೋಡಿ, ಒಂದೊಂದೇ ಮನೆಯವರು ಸದ್ದು ಏರಿಸಿಕೊಂಡರು.