ಗಂಡನ ಹೆಸರು ಹೇಳದವಳು

ಎಪ್ಪತ್ತೆರಡರ ಬರದಲ್ಲಿ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರಕ್ಕೆ ಬಂದರು. ನಮ್ಮ ಪೇಟೆಯ ವ್ಯಾಪಾರಿಗಳು ಕೂಡಿ, ಒಂದು ಧರ್ಮಶಾಲೆಯಲ್ಲಿ ಅವರಿಗೆ ಇರಲು ಜಾಗ, ಎರಡು ಹೊತ್ತು ರೊಟ್ಟಿ-ಬ್ಯಾಳಿ, ಮಕ್ಕಳಿಗೆ ಹಾಲು ಗೊತ್ತುಮಾಡಿದರು. ಮುಂದಾಳು ನಮ್ಮ ಮಾವನವರು, ಅರಿವೆ ಅಂಗಡಿಯವರು. ಹೆಸರು ಬರೆಯಲು ಕೂತ ಗುಮಾಸ್ತರಿಗೆ ಕನ್ನಡ ಬಾರದು, ಬಂದವರಿಗೆ ಮರಾಠಿ ಅರ್ಧಂಬರ್ಧ. "ನಮ್ಮ ಸೊಸಿಗಿ ಎರಡೂ ಬರ್ತಾವ. ಆಕಿ ಬರದದ್ದು ತಪ್ಪಂಗಿಲ್ಲ" ಎಂದು ಮಾವನವರು ನಾಲ್ಕು ಜನರ ಮುಂದೆ ಹೇಳಿ ನನ್ನನ್ನು ಕೂರಿಸಿದರು. ಮದುವೆಯಾಗಿ ಎರಡೇ ವರ್ಷ. ಹೊರಗೆ ಮೇಜಿನ ಮುಂದೆ ಕೂರುವ ಕೆಲಸ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪುಸ್ತಕದಲ್ಲಿ ಊರಿಗೊಂದು ಪುಟ. ಊರಿನ ಕೆಳಗೆ ಯಜಮಾನನ ಹೆಸರು, ಅದರ ಕೆಳಗೆ ಮನೆಮಂದಿ. ಯಾರಾದರೂ ಹುಡುಕಿಕೊಂಡು ಬಂದರೆ ಊರು, ಯಜಮಾನನ ಹೆಸರು ಕೇಳಿ ಪುಟ ತೆಗೆಯುತ್ತಿದ್ದೆ.

ಮೂರನೆಯ ದಿನ ಸಾಲು ಬಾಗಿಲಾಚೆ ಬೀದಿಯವರೆಗೂ ಹೋಗಿತ್ತು. ಒಬ್ಬ ಕುರುಬರ ಹೆಣ್ಣುಮಗಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮುಂದೆ ಬಂದಳು. ಯಜಮಾನನ ಹೆಸರು ಕೇಳಿದೆ. ಸೆರಗು ಎಳೆದುಕೊಂಡು ನೆಲ ನೋಡಿದಳು.

"ಅವರ ಹೆಸರ ನಾ ಹೆಂಗ ಹೇಳ್ಲಿರಿ ಅಕ್ಕಾರ? ಕುರಿ ಹೊಡ್ಕೊಂಡ ನದಿ ದಂಡಿಗಿ ಹೋಗ್ಯಾರ್ರಿ. ಅಲ್ಲಿಂದ ಇಲ್ಲಿಗೇ ಬರ್ತೀನಂದಾರ."

"ಹಂಗಾರ ಹೆಸರ ಸೇರಿಸಿ ಒಡಪ ಕಟ್ಟಿ ಹೇಳು" ಎಂದೆ. ಹಿಂದಿನವರು ಗೊಳ್ಳೆಂದು ನಕ್ಕರು. ಅವಳು ಮುಖ ಮುಚ್ಚಿಕೊಂಡಳು. ಅವಳ ಪರವಾಗಿ ಆ ಹೆಸರು ಹೇಳಲು ಅವಳನ್ನು ಬಲ್ಲವರು ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

"ನಿಮ್ಮಪ್ಪನ ಹೆಸರರೆ ಹೇಳ್ತೀಯೋ ಇಲ್ಲೋ?"

ಹೇಳಿದಳು. ಅಪ್ಪನ ಊರು ಚಪಳಗಾಂವ ಎಂದಳು. ಗಂಡನ ಊರು ಕೇಳದೆಯೇ ಚಪಳಗಾಂವದ ಪುಟದಲ್ಲಿ ಅವಳ ಅಪ್ಪನ ಹೆಸರು ಬರೆದು, ಕೆಳಗೆ ಅವಳನ್ನೂ ಕೂಸನ್ನೂ ಸೇರಿಸಿ, "ಮುಂದಿನವರು ಬರ್ರಿ" ಎಂದು ಕೂಗಿದೆ. ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ನಾನಾದರೂ ಯಾವತ್ತು ಹೇಳಿದ್ದೆ? ಅದೂ ಮನೆಯವರೆದುರು, ನಾಚಿ ನಾಚಿ. ಅವಳಿಗೆ ಮಾತ್ರ ಬೀದಿಯಲ್ಲಿ ಹೇಳು ಎಂದೆ. ಥೂ, ನನ್ನ ಸೊಕ್ಕಿಗೆ!

ದಿನಾ ಸಂಜೆ ಬಂದು ಕೇಳುತ್ತಿದ್ದಳು: "ಯಾರರೆ ಬಂದಿದ್ರೇನ್ರಿ ಅಕ್ಕಾರ?" ಹಾಗೆ ಕೇಳುವವರು ಇನ್ನೂ ಹತ್ತಾರು ಮಂದಿ. ತಲೆ ಎತ್ತದೆಯೇ ಇಲ್ಲ ಎನ್ನುತ್ತಿದ್ದೆ.

ಎರಡು ವಾರದ ಮೇಲೆ ಒಂದು ಮುಂಜಾನೆ ಅವನು ಬಂದ. ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರದ ಅರಿಶಿನ, ಮೊಣಕಾಲಿನವರೆಗೂ ಧೂಳು. ತನ್ನ ಹೆಸರು ಹೇಳಿ, ಊರು ಹನ್ನೂರ ಎಂದ.

"ನಮ್ಮ ಮನ್ಯಾಕಿ ಇಲ್ಲಿ ಅದಾಳೇನ್ರಿ? ಸಣ್ಣ ಹೆಣ್ಣ ಕೂಸ ಐತ್ರಿ. ಎಡಗಾಲಾಗ ಅಷ್ಟ ಕಡಗ ಐತಿ, ಬಲಗಾಲಿಂದು ಕಳದೈತ್ರಿ."

ಹನ್ನೂರದ ಪುಟದ ಮೇಲೆ ಎರಡು ಸಲ ಬೆರಳಾಡಿಸಿದೆ. ಅವನ ಹೆಸರಿರಲಿಲ್ಲ.

"ಒಳಗ ಹೋಗಿ ಒಮ್ಮಿ ನೋಡ್ಲೇನ್ರಿ?"

"ಪುಸ್ತಕದಾಗ ಇಲ್ಲಂದ್ರ ಒಳಗೂ ಇಲ್ಲ" ಎಂದೆ.

ಅವನು ನೀರು ಕೇಳಿ ಕುಡಿದ. "ತವರಮನಿಗಿ ಹೋಗಿರಬೇಕ. ಅಲ್ಲೂ ಇಲ್ಲಂದ್ರ ಕುರಿ ಕರ್ಕೊಂಡ ದೂರ ಹೋಗೂದರಿ" ಎಂದು ನನಗೆ ಕೈಮುಗಿದು ಹೋದ.

ಮಧ್ಯಾಹ್ನ ಮಕ್ಕಳಿಗೆ ಹಾಲು ಹಾಕುವಾಗ ಒಂದು ಕೂಸಿನ ಎಡಗಾಲಿನ ಕಡಗ ಕಣ್ಣಿಗೆ ಬಿತ್ತು. ಬಲಗಾಲು ಬರಿದು. ಎತ್ತಿಕೊಂಡು ನಿಂತವಳು ಅಂದು ಗಂಡನ ಹೆಸರು ಹೇಳದವಳೇ.

"ನೀ ಹನ್ನೂರದಾಕಿ ಏನ?"

"ಹೌದ್ರಿ. ಯಾಕ್ರಿ ಅಕ್ಕಾರ? ಯಾರರೆ ಬಂದಿದ್ರೇನ್ರಿ?" ಅವಳ ಮುಖ ಅರಳಿಬಿಟ್ಟಿತು. "ತವರಮನಿಗೂ ಕೀಲಿ ಬಿದ್ದೈತ್ರಿ. ಅಣ್ಣಂದಿರು ಊರ ಬಿಟ್ಟಾರ. ಈ ಜಾಗಾ ಬಿಟ್ರ ನಮ್ಮ ಮನಿಯವರು ನನ್ನ ಎಲ್ಲಿ ಹುಡುಕ್ಯಾರು?"

ಅಂಗಡಿಯ ಆಳನ್ನು ಸೈಕಲ್ ಮೇಲೆ ಎಸ್‌ಟಿ ಬಸ್ ಸ್ಟ್ಯಾಂಡಿಗೆ ಓಡಿಸಬಹುದಿತ್ತು. ಚಪಳಗಾಂವದ ಮುಂದಿನ ಬಸ್ಸಿಗೆ ಕಳಿಸಬಹುದಿತ್ತು. ಅದಕ್ಕೆ ಮಾವನವರಿಗೆ ನಡೆದದ್ದು ಹೇಳಬೇಕು. ಅವರು ಹತ್ತು ಹೆಜ್ಜೆಯಾಚೆ, ನೋಡಲು ಬಂದ ದೊಡ್ಡವರಿಗೆ ನನ್ನ ಪುಸ್ತಕವನ್ನೇ ತೋರಿಸುತ್ತಿದ್ದರು.

"ಇಲ್ಲವ್ವಾ, ಸುಮ್ಮ ಕೇಳ್ದೆ" ಎಂದೆ.

ಬರೆದದ್ದು ತಪ್ಪಾಯಿತು, ಅದು ಅವಸರ. ಆದರೆ ಈ ಮಾತು ಅವಸರದ್ದಲ್ಲ. ನನ್ನ ಹೆಸರು ಕೆಡಬಾರದೆಂದು ಅವಳ ಸಂಸಾರ ಕೆಡಿಸಿದೆ. ಅವನೇ ಮತ್ತೆ ಬರುತ್ತಾನೆಂದು ದಿನಾ ಬಾಗಿಲು ನೋಡಿದೆ. ಅವನು ಬರಲಿಲ್ಲ.

ತಿಂಗಳಾದ ಮೇಲೆ ಪುಣೆಯ ಕಡೆ ರಸ್ತೆ ಕೆಲಸಕ್ಕೆ ಆಳು ಒಯ್ಯುವ ಲಾರಿ ಬಂತು. ಅವಳೂ ಹೊರಟಳು. "ಇನ್ನೊಂದೀಟ ದಿನ ತಡಿಯವ್ವಾ" ಎಂದೆ. ಯಾಕೆಂದು ಹೇಳಲು ನಾಲಿಗೆ ಹೊರಳಲಿಲ್ಲ.

"ಎಷ್ಟ ದಿನ ತಡೀಲಿರಿ? ಕೂಸಿನ ಮುಂದಿಂದು ನೋಡಬೇಕಲ್ರಿ" ಎಂದಳು.

ಲಾರಿಯವನು ಹಾರ್ನ್ ಬಾರಿಸತೊಡಗಿದ. ಅವಳು ಕೂಸನ್ನು ಪಕ್ಕದವಳ ಕೈಗೆ ಕೊಟ್ಟು, ಮೇಜು ಸುತ್ತಿ ಬಂದು, ನನ್ನ ಕಿವಿಗೆ ಬಾಯಿ ಹಚ್ಚಿ ಗಂಡನ ಹೆಸರು ಹೇಳಿದಳು. ಅಂದು ಅವನು ಹೇಳಿದ ಅದೇ ಹೆಸರು.

"ನಮ್ಮ ದ್ಯಾವರು ಬೀರಪ್ಪ ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊಳ್ಳಲಿ. ಅವರು ಬಂದ್ರ, ನಾ ಎಲ್ಲಿಗಿ ಹೋಗೀನಂತ ಹೇಳ್ರಿ ಅಕ್ಕಾರ. ನಿಮ್ಮನ್ನ ಬಿಟ್ರ ಇಲ್ಲಿ ನನಗ ಯಾರದಾರ?"

ಹನ್ನೂರದ ಪುಟ ತೆಗೆದು ಅವಳೆದುರಿಗೇ ಆ ಹೆಸರು ಬರೆದೆ.

"ಬಂದ್ರ ಹೇಳ್ತೀನವ್ವಾ" ಎಂದೆ.